ಕಾಣೆಯಾಗಿದ್ದ ಅಯಾನುಗಳು ಸಿಕ್ಕ ಬಗೆ

ನ್ಯೂಕ್ಲಿಯಸ್‌ಗಳ ಡಿಕ್ಕಿಯಲ್ಲಿ ಚಿಮ್ಮಿದ ಅಯಾನುಗಳನ್ನು (ವಿದ್ಯುದಂಶವುಳ್ಳ ಪರಮಾಣುಗಳನ್ನು) ಬೇರ್ಪಡಿಸುವ ರಿಕಾಯಿಲ್ ಮಾಸ್ ಸ್ಪೆಕ್ಟ್ರೋಮೀಟರಿನ ತುದಿಯ ಡಿಟೆಕ್ಟರಿಗೆ ನಿರೀಕ್ಷೆಯ ಅರ್ಧದಷ್ಟು ಅಯಾನುಗಳೂ ತಲುಪುತ್ತಿರಲಿಲ್ಲ. ಎರಡು ರಾತ್ರಿ ವೋಲ್ಟೇಜನ್ನೂ ಅಯಸ್ಕಾಂತ ಕ್ಷೇತ್ರವನ್ನೂ ತಿದ್ದಿ ಸೋತೆ. ತಪ್ಪು ಅಲ್ಲಿರಲೇ ಇಲ್ಲ.

ಈ ಉಪಕರಣ ಅಯಾನುಗಳನ್ನು ಬೇರ್ಪಡಿಸುವುದು ದ್ರವ್ಯರಾಶಿ ಮತ್ತು ವಿದ್ಯುದಂಶಗಳ ಅನುಪಾತದ ಮೇಲೆ. ಡಿಕ್ಕಿ ನಡೆಯುವ ಟಾರ್ಗೆಟ್ ದಾಟಿದ ಮೇಲೆ ಕೆಲವು ನ್ಯೂಕ್ಲಿಯಸ್‌ಗಳು ಗಾಮಾ ಕಿರಣದ ಬದಲು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನೇ ಹೊರದೂಡುತ್ತವೆ. ಆ ತೆರವು ತುಂಬುವಾಗ ಇನ್ನಷ್ಟು ಎಲೆಕ್ಟ್ರಾನುಗಳು ಕಳಚಿ ವಿದ್ಯುದಂಶ ಒಮ್ಮೆಲೇ ಏರುತ್ತದೆ, ಅಯಾನು ದಾರಿ ತಪ್ಪುತ್ತದೆ. ಇದನ್ನು ಸರಿಪಡಿಸಲೆಂದೇ ಟಾರ್ಗೆಟ್‌ನಿಂದ 10 ಸೆಂಟಿಮೀಟರ್ ಮುಂದೆ ಇಟ್ಟಿದ್ದ ತೆಳು ಇಂಗಾಲದ ಹಾಳೆ ಹರಿದಿತ್ತು! ಬೆಳಕಿನ ವೇಗದ ಶೇಕಡಾ 3ರಲ್ಲಿ ಸಾಗುವ ಅಯಾನಿಗೆ ಅಷ್ಟು ದೂರಕ್ಕೆ ಸುಮಾರು 11 ನ್ಯಾನೊಸೆಕೆಂಡ್ ಬೇಕು. ಅಷ್ಟರಲ್ಲಿ ನ್ಯೂಕ್ಲಿಯಸ್‌ಗಳ ಈ ಕ್ಷಯ ಬಹುತೇಕ ಮುಗಿದಿರುತ್ತದೆ; ಹಾಳೆ ವಿದ್ಯುದಂಶವನ್ನು ಮತ್ತೆ ಹದಕ್ಕೆ ತರುತ್ತದೆ.

ಹೊಸ ಹಾಳೆ ಕೂರಿಸಿದೆ. ಬೆಳಗಿನ ಜಾವ ಪರದೆಯ ಮೇಲೆ ದ್ರವ್ಯರಾಶಿಯ ಶಿಖರಗಳು ಒಂದೊಂದಾಗಿ ಎದ್ದು ನಿಂತವು.