ಎರಿ, ಮಸಾರಿ, ಕಾಲುವೆ ದಂಡೆ: ಲಾರಿ-ಬಸ್ಸಿಲ್ಲದ ದಾರಿಯಲ್ಲಿ ಸೈಕಲ್ ಪ್ರವಾಸ

ಹುಬ್ಬಳ್ಳಿ-ಧಾರವಾಡದ ಸುತ್ತ ಸೈಕಲ್ಲಿಗೆ ದಾರಿ ಹುಡುಕುವಾಗ ಮೊದಲು ಮಣ್ಣು ನೋಡಬೇಕು, ಆಮೇಲೆ ನಕಾಶೆ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ ಕಡೆ ಹೋದರೆ ಮಸಾರಿ ಎನ್ನುವ ಕೆಂಪು ಮಣ್ಣು, ಭತ್ತದ ಗದ್ದೆ, ತೇಗದ ಕಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಹೋದರೆ ಮರವೇ ಇಲ್ಲದ ಎರಿ, ಅಂದರೆ ಕಪ್ಪು ಮಣ್ಣಿನ ಹೊಲ. ನಡುವಿನ ಅಂತರ ಒಂದು ದಿನದ ಸೈಕಲ್ ದಾರಿಯಷ್ಟೇ. ಒಂದೇ ಮಳೆ ಎರಡೂ ಕಡೆ ಬಿದ್ದರೂ ಮಸಾರಿ ದಾರಿ ಮರುದಿನ ಬೆಳಿಗ್ಗೆಗೆ ತುಳಿಯಲು ಬರುತ್ತದೆ. ಎರಿಯ ಚಕ್ಕಡಿ ದಾರಿಗೆ ಒಳ್ಳೆಯ ಬಿಸಿಲಿನ ಮೂರ್ನಾಲ್ಕು ದಿನ ಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೊರಟವರು ಸೈಕಲ್ ಹೊತ್ತುಕೊಂಡು ಡಾಂಬರಿಗೆ ಬರುತ್ತಾರೆ.

ಎರಿ ಕಡೆಯ ಪ್ರವಾಸಕ್ಕೆ ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಕಾಲ ಚೆನ್ನ. ಬಿಳಿಜೋಳ, ಕಡಲೆ, ಕುಸುಬಿ ಹೊಲದಲ್ಲಿರುತ್ತವೆ, ದಾರಿ ಗಟ್ಟಿಯಾಗಿರುತ್ತದೆ. ಕಾಡಿನ ಕಡೆಗೆ ಅಕ್ಟೋಬರ್ ಕೊನೆಯಿಂದಲೇ ಹೋಗಬಹುದು. ಮಾರ್ಚ್ ದಾಟಿದ ಮೇಲೆ ಬಯಲಲ್ಲಿ ನೆರಳಿಲ್ಲದೆ ಹತ್ತು ಗಂಟೆಯ ನಂತರ ತುಳಿಯುವುದು ಬೇಡ.

ಗಾಳಿಯ ಲೆಕ್ಕವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಬಹುಮಟ್ಟಿಗೆ ಪೂರ್ವದಿಂದ. ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಎದುರುಗಾಳಿಯಲ್ಲಿ ತಾಸಿಗೆ 16 ಕಿ.ಮೀ. ಹೋಗುವವರು 10ಕ್ಕೆ ಇಳಿಯುತ್ತಾರೆ. ಅದಕ್ಕೇ ಚಳಿಗಾಲದಲ್ಲಿ ಸೈಕಲ್ಲನ್ನು ರೈಲಿಗೆ ಹಾಕಿ ಗದಗಕ್ಕೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಕಡೆಗೆ ತುಳಿಯುತ್ತ ಬನ್ನಿ. ಗಾಳಿ ಬೆನ್ನಿಗಿರುತ್ತದೆ.

ರೈಲಿಗೆ ಹಾಕಲು ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಎಂದು ಬುಕ್ ಮಾಡಬೇಕು. ಯಾವ ಗಾಡಿಗೆ ಲಗೇಜ್ ಡಬ್ಬಿ ಇದೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಬಾಟಲಿ, ಪಂಪು, ದೀಪ ಬಿಚ್ಚಿ ನಿಮ್ಮ ಜೊತೆ ಇಟ್ಟುಕೊಳ್ಳಿ. ಗೇರ್ ಸೈಕಲ್ಲಾದರೆ ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿಡಿ. ಆಗ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೈಲರ್ ಒಳಗೆ ಸರಿದು ನಿಲ್ಲುತ್ತದೆ, ಮೂಟೆ ತಾಗಿದರೂ ಬಾಗುವುದು ಕಡಿಮೆ. ಸಣ್ಣ ಸ್ಟೇಷನ್‌ಗಳಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ, ಇಳಿಸಿಕೊಳ್ಳುವಷ್ಟರಲ್ಲಿ ಹೊರಟುಬಿಡುತ್ತದೆ. ದೊಡ್ಡ ಸ್ಟೇಷನ್ನಿಗೇ ಬುಕ್ ಮಾಡಿ.

ಸೈಕಲ್ ಮತ್ತು ಟೈರು

ದುಬಾರಿ ಸೈಕಲ್ ಬೇಕೆಂದಿಲ್ಲ. ಹಾಲಿನವರು ಓಡಿಸುವ ಸಾದಾ ಕರಿ ಸೈಕಲ್ಲಿನ 28 × 1½ ಟೈರು ಸುಮಾರು 40 ಮಿ.ಮೀ. ಅಗಲ ಇರುತ್ತದೆ, ಈ ದಾರಿಗೆ ಅದು ಸಾಕು. ಅದರ ಟ್ಯೂಬು ಸಂತೆ ನಡೆಯುವ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. 700ಸಿ ಅಥವಾ 29 ಇಂಚಿನ ಗಾಲಿಯ ಟ್ಯೂಬು ಹುಬ್ಬಳ್ಳಿ-ಧಾರವಾಡ ದಾಟಿದ ಮೇಲೆ ಸಿಗುತ್ತದೆಂದು ನಂಬಬೇಡಿ. ಎರಡು ಬಿಡಿ ಟ್ಯೂಬು ಒಯ್ಯಿರಿ. 28 ಮಿ.ಮೀ. ರೇಸ್ ಟೈರಿನಲ್ಲಿ ಕಾಲುವೆ ದಂಡೆಗೆ ಇಳಿಯಲೇಬೇಡಿ.

ಹವಾ ಎಷ್ಟಿರಬೇಕು? 75 ಕೆ.ಜಿ. ತೂಕದವರು, ಹಿಂದೆ ಆರೇಳು ಕೆ.ಜಿ. ಸಾಮಾನು, 45 ಮಿ.ಮೀ. ಟೈರು ಎಂದುಕೊಂಡರೆ ಹಿಂದೆ 40, ಮುಂದೆ 35 ಪಿಎಸ್‌ಐ. ಎರಡಿಂಚಿನ ಟೈರಿಗೆ ಹಿಂದೆ 32, ಮುಂದೆ 28 ಸಾಕು. ಕಲ್ಲಿನಂತೆ ತುಂಬಿಸಿದರೆ ಒಣಗಿದ ಎರಿಯ ಹೆಂಟೆಗಳ ಮೇಲೆ ಅಂಗೈ ಜೋಮು ಹಿಡಿಯುತ್ತದೆ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮಿನ ಅಂಚಿಗೆ ಸಿಕ್ಕು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಪಂಚರ್ ಇಲ್ಲಿ ಕೊನೆಯಿಲ್ಲದ ಕಾಟ. ಕಾರಣ ಮೂರು: ಕರಿಜಾಲಿ, ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು. ಬದುವಿನ ಜಾಲಿ ಕಡಿದು ಬೇಲಿ ಹಾಕಿದ ಕಡೆಯೆಲ್ಲ ದಾರಿಗೆ ಟಿಸಿಲು ಬಿದ್ದಿರುತ್ತವೆ, ಅಂಥಲ್ಲಿ ಇಳಿದು ಸೈಕಲ್ ಎತ್ತಿ ದಾಟಿಸಿ. ಮುಳ್ಳು ಹೊಕ್ಕಾಗ ಹೊರಗಿನಿಂದ ಕಿತ್ತರೆ ತುದಿ ಮುರಿದು ರಬ್ಬರಿನೊಳಗೇ ಉಳಿಯುತ್ತದೆ. ಹೊಸ ಟ್ಯೂಬು ಹಾಕಿ ಎರಡು ಕಿ.ಮೀ. ಹೋಗುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಆದ್ದರಿಂದ ಟೈರು ಬಿಚ್ಚಿದ ಮೇಲೆ ಒಳಮೈಗೆ ಹತ್ತಿಯ ಉಂಡೆ ಸವರುತ್ತ ಒಂದು ಸುತ್ತು ಬನ್ನಿ. ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಟೈರನ್ನು ಅಲ್ಲಿ ಮಡಚಿ ಹಿಡಿದರೆ ತುದಿ ಎದ್ದು ಕಾಣುತ್ತದೆ, ಉಗುರು ಕತ್ತರಿಯಿಂದ ಕಚ್ಚಿ ಒಳಗಿನಿಂದಲೇ ಎಳೆಯಿರಿ. ಪ್ಯಾಚಿನ ಸೊಲ್ಯೂಷನ್ ಹಚ್ಚಿ ಐದು ನಿಮಿಷ ಕಾಯಿರಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಟ್ಯೂಬ್‌ಲೆಸ್ ಇದ್ದವರು ಒಂದು ಟೈರಿಗೆ ತೂತು ಮುಚ್ಚುವ ಸೀಲಂಟ್ ದ್ರವ 80–90 ಮಿ.ಲೀ. ಹಾಕಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಸಿಪ್ಪೆಯಾಗುತ್ತದೆ, ಹೊರಡುವ ಮೊದಲು ಬಿಚ್ಚಿ ನೋಡಿ.

ಎರಿಮಣ್ಣಿಗೆ ಸಿಕ್ಕಿಕೊಂಡರೆ

ಹಸಿ ಎರಿ ಟೈರಿಗೆ ಒಂದು ಸುತ್ತಿಗೆ ಒಂದು ಪದರದಂತೆ ಅಂಟುತ್ತದೆ. ಹತ್ತಿಪ್ಪತ್ತು ಮಾರು ಹೋಗುವಷ್ಟರಲ್ಲಿ ಫೋರ್ಕಿನ ಸಂದು, ಬ್ರೇಕಿನ ಸಂದು ತುಂಬಿ ಗಾಲಿ ನಿಂತೇಬಿಡುತ್ತದೆ. ಆಗ ಜೋರು ಮಾಡಿ ತುಳಿಯಬೇಡಿ. ಮಣ್ಣಿನ ಮುದ್ದೆ ಡಿರೈಲರನ್ನು ಕಡ್ಡಿಗಳ ಕಡೆಗೆ ಎಳೆದು, ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ, ಅಲ್ಲಿಗೆ ಪ್ರವಾಸ ಮುಗಿಯಿತು. ಇಳಿಯಿರಿ. ಸೈಕಲ್ಲನ್ನು ದಾರಿ ಬಿಟ್ಟು ಬದುವಿನ ಹುಲ್ಲಿನ ಮೇಲೆ ತನ್ನಿ. ಚಪ್ಪಟೆ ಬಿದಿರು ಸೀಳಿನಿಂದ ಸಂದುಗಳನ್ನು ಕೆರೆಯಿರಿ. ಗೇಣುದ್ದದ ಇಂಥ ಸೀಳೊಂದನ್ನು ಫ್ರೇಮಿಗೆ ಕಟ್ಟಿಕೊಂಡೇ ಹೋಗುವುದು ಒಳ್ಳೆಯದು. ಬಾಟಲಿಯಿಂದ ಚೂರು ನೀರು ಚಿಮುಕಿಸುವ ಆಸೆ ಆಗುತ್ತದೆ, ಆದರೆ ಅರ್ಧ ನೆನೆದ ಎರಿ ಇನ್ನೂ ಗಟ್ಟಿ ಅಂಟು. ಪೂರಾ ನೀರು ಹರಿಯುವ ಕಡೆ ತೊಳೆಯಿರಿ, ಇಲ್ಲವೇ ಬಿಸಿಲಿಗೆ ಒಂದು ತಾಸು ನಿಲ್ಲಿಸಿ. ಒಣಗಿ ಬಿರುಕು ಬಿಟ್ಟ ಮೇಲೆ ತಟ್ಟಿದರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಈ ದಾರಿಗೆ ಹೋಗುವಾಗ ಮಡ್‌ಗಾರ್ಡ್ ಬಿಚ್ಚಿಡುವುದೇ ಸರಿ. ಟೈರಿನ ಎರಡೂ ಪಕ್ಕ ಕಿರುಬೆರಳು ಹೋಗುವಷ್ಟು ಜಾಗ ಇರಬೇಕು.

ಒಣ ದಾರಿಗೆ ಬೇರೆ ಎಚ್ಚರ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಕೊರೆದ ಜಾಡು ಚಳಿಗಾಲಕ್ಕೆ ಕಲ್ಲಾಗಿರುತ್ತದೆ. ಮುಂಗಾಲಿ ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗಿಸಿ ಮೇಲೆ ಬರಲು ಹೋಗಬೇಡಿ, ಅಡ್ಡ ಬೀಳುತ್ತೀರಿ. ನಿಂತು, ಎತ್ತಿ, ನಡುವಿನ ದಿಬ್ಬದ ಮೇಲಿಟ್ಟು ಹೊರಡಿ. ಇನ್ನು ಸುಗ್ಗಿಯಲ್ಲಿ ಹಳ್ಳಿಯ ಡಾಂಬರು ರಸ್ತೆಯೇ ಕಣ. ಹರವಿದ ಹುರುಳಿ, ಕಡಲೆಯ ಮೇಲೆ ಓಡಿಸಿದರೆ ಗಾಲಿ ಜಾರುತ್ತದೆ, ಹೊಟ್ಟು ಚೈನಿಗೆ ಸುತ್ತಿಕೊಳ್ಳುತ್ತದೆ. ಅದು ಒಬ್ಬರ ವರ್ಷದ ದುಡಿಮೆ ಕೂಡ. ಅಂಚಿನಲ್ಲಿ ತಳ್ಳಿಕೊಂಡು ದಾಟಿ.

ಕಾಲುವೆ ದಂಡೆ

ಮಲಪ್ರಭಾ ಬಲದಂಡೆ ಕಾಲುವೆ ನವಿಲುತೀರ್ಥದ ಅಣೆಕಟ್ಟಿನಿಂದ ನವಲಗುಂದದ ಸೀಮೆಗೆ ಬರುತ್ತದೆ. ಹಾವೇರಿ ಜಿಲ್ಲೆಯಲ್ಲಿ ತುಂಗಾ ಮೇಲ್ದಂಡೆ ಕಾಲುವೆ ಇದೆ. ದೊಡ್ಡ ಕಾಲುವೆಯ ಒಂದು ದಂಡೆಯ ಮೇಲೆ ಇಲಾಖೆಯ ಜೀಪು ಓಡಾಡಲು ಮೊರಂ (ಗರಸು ಮಣ್ಣು) ಹಾಕಿದ ದಾರಿ ಇರುತ್ತದೆ. ನೀರು ತಾನೇ ಇಳಿದು ಹರಿಯಬೇಕಾದ್ದರಿಂದ ಕಾಲುವೆ ಏರು ಹತ್ತುವುದಿಲ್ಲ, ಗುಡ್ಡ ಬಂದರೆ ಬಳಸಿ ಹೋಗುತ್ತದೆ. ಸೈಕಲ್ಲಿಗೆ ಇದಕ್ಕಿಂತ ಸುಖದ ದಾರಿ ಈ ಭಾಗದಲ್ಲಿಲ್ಲ. ಆದರೆ ಬಳಸಾಟದಿಂದ ದೂರ ಹೆಚ್ಚುತ್ತದೆ: ಎರಡು ಊರಿನ ನಡುವೆ ರಸ್ತೆಯಲ್ಲಿ 10 ಕಿ.ಮೀ. ಇದ್ದರೆ ದಂಡೆಯಲ್ಲಿ 14–15 ಎಂದು ಹಿಡಿಯಿರಿ.

ಹೊರಡುವ ಹಿಂದಿನ ರಾತ್ರಿ ಮೊಬೈಲಿನ ಉಪಗ್ರಹ ಚಿತ್ರದಲ್ಲಿ ಕಾಲುವೆಯನ್ನು ಬೆರಳಿನಿಂದ ಹಿಂಬಾಲಿಸಿ. ದಾರಿ ಯಾವ ದಂಡೆಯಲ್ಲಿದೆ, ಸೇತುವೆ ಎಲ್ಲಿವೆ, ಹಳ್ಳ ಎಲ್ಲಿ ಅಡ್ಡ ಬರುತ್ತದೆ, ಗುರುತು ಹಾಕಿಕೊಳ್ಳಿ. ಕೈಕೊಡುವುದು ಹಳ್ಳದಲ್ಲೇ. ಕಾಲುವೆ ಕಂಬಗಳ ಮೇಲೆ ತೊಟ್ಟಿಯಂತೆ ಹಳ್ಳ ದಾಟುತ್ತದೆ, ದಂಡೆಯ ದಾರಿ ಮಾತ್ರ ಅಲ್ಲೇ ಕಡಿಯುತ್ತದೆ ಅಥವಾ ಹಳ್ಳಕ್ಕೆ ಇಳಿಯುತ್ತದೆ. ತೊಟ್ಟಿಯ ಗೋಡೆಯ ಮೇಲೆ ಸೈಕಲ್ ಹೊತ್ತು ನಡೆಯಬೇಡಿ. ಹತ್ತಿರದ ಊರಿನ ಸೇತುವೆಗೆ ಹಿಂದಿರುಗಿ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಮೇಲೆಲ್ಲೋ ಆದ ಮಳೆಗೆ ಇಲ್ಲಿ ಬಿಸಿಲಿದ್ದಾಗಲೇ ಏರುತ್ತವೆ. ಮೊಣಕಾಲು ಮುಟ್ಟುವ ನೀರಿಗೂ ಇಳಿಯುವಂತಿಲ್ಲ.

ಕಾಲುವೆಗೆ ಕೈಕಾಲು ತೊಳೆಯಲು ಇಳಿಯಬೇಡಿ. ಕಾಂಕ್ರೀಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಜಾರಿದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ, ಈಜು ಬಂದವರೂ ಹೋಗಿದ್ದಾರೆ. ಮೆಟ್ಟಿಲು ಕಟ್ಟಿದ ಕಡೆ ಮಾತ್ರ, ಇಬ್ಬರಿದ್ದಾಗ ಮಾತ್ರ. ದಾರಿ ಇಲಾಖೆಯದು, ಅಡ್ಡಗಂಬಕ್ಕೆ ಬೀಗ ಇದ್ದರೆ, ಇಲಾಖೆಯವರು ಬೇಡ ಎಂದರೆ, ವಾದ ಮಾಡದೆ ತಿರುಗಿ. ತೂಬು, ಗೇಟಿನ ಚಕ್ರ ಮುಟ್ಟಬೇಡಿ. 1980ರಲ್ಲಿ ನರಗುಂದ-ನವಲಗುಂದದ ರೈತ ಬಂಡಾಯ ಎದ್ದದ್ದು ಮಲಪ್ರಭಾ ಕಾಲುವೆಯ ಕರದ ಮೇಲೆ. ಇಲ್ಲಿ ನೀರಿನ ಗೇಟು ಆಟದ ವಸ್ತುವಲ್ಲ.

ಮೊದಲ ಸಲಕ್ಕೆ ಎರಡು ದಾರಿ

ಕಾಡಿನ ರುಚಿಗೆ: ಧಾರವಾಡದಿಂದ ಕೆಲಗೇರಿ, ಮುಗದ, ಕಂಬಾರಗಣವಿ ಹೀಗೆ ಊರು ಪೋಣಿಸಿಕೊಂಡು ಅಳ್ನಾವರ, ಮರಳಿ ರೈಲು. ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ, ‘ಮುಗದ ಸುಗಂಧ’ ತಳಿ ಅಲ್ಲಿಯದೇ. ಭತ್ತದ ಕೊಯ್ಲಿನ ಹೊತ್ತಿಗೆ ಹಳಿಯಾಳ, ಮುಂಡಗೋಡ ಕಡೆಯಿಂದ ಆನೆ ಬರುವುದುಂಟು. ಪ್ರತಿ ಊರಿನ ಚಹಾದಂಗಡಿಯಲ್ಲಿ “ಆನಿ ಬಂದಾವೇನ್ರಿ?” ಎಂದು ಕೇಳಿಯೇ ಮುಂದೆ ಹೋಗಿ, ಬೆಳಿಗ್ಗೆ ಏಳರ ಮೊದಲು, ಸಂಜೆ ಐದರ ನಂತರ ಕಾಡಿನೊಳಗೆ ಬೇಡ. ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಬಯಲಿಗೆ: ಡಿಸೆಂಬರ್-ಜನವರಿಯಲ್ಲಿ ಗದಗದಿಂದ ಮಾಗಡಿ ಕೆರೆ, ಅಲ್ಲಿಂದ ಲಕ್ಷ್ಮೇಶ್ವರ. ಒಟ್ಟು ಸುಮಾರು 40 ಕಿ.ಮೀ., ಬಳಸುದಾರಿ ಹಿಡಿದರೆ ಇನ್ನಷ್ಟು. ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿತು. ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. ಸೈಕಲ್ಲನ್ನು ಏರಿಯಿಂದ ದೂರ ನಿಲ್ಲಿಸಿ ನಡೆದು ಹೋಗಿ. ಗಂಟೆ ಬಾರಿಸಬೇಡಿ, ಹಿಂಡು ಏಳುತ್ತದೆ.

ನೀರು ಒಬ್ಬರಿಗೆ ಮೂರು ಲೀಟರ್. ಊಟಕ್ಕೆ ಕಟಕ (ಗರಿಗರಿಯಾಗಿ ಒಣಗಿಸಿದ) ರೊಟ್ಟಿಯನ್ನು ಮೀರಿಸಿದ್ದಿಲ್ಲ: ತೂಕವಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ನಾಲ್ಕು ಉಳ್ಳಾಗಡ್ಡಿ, ಬೆಲ್ಲ. ಮೊಸರು ಊರಲ್ಲಿ ಸಿಗುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯಿರಿ. ಓಟ ನಿಂತರೆ ಅದರ ಆರ್ಭಟವೂ ಇಳಿಯುತ್ತದೆ.

ಮನೆಗೆ ಬಂದ ರಾತ್ರಿಯೇ ಚೈನು ನೋಡಿ. ಎರಿಯ ಧೂಳು ಎಣ್ಣೆಗೆ ಕೂಡಿದರೆ ಅರೆಯುವ ಹಿಟ್ಟಾಗಿ ಹಲ್ಲುಗಳನ್ನು ಸವೆಸುತ್ತದೆ. ಒಣ ಬಟ್ಟೆಯಲ್ಲಿ ಚೈನು ಹಿಡಿದು ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಕೊಂಡಿಗೆ ಒಂದು ಹನಿಯಂತೆ ಎಣ್ಣೆ ಬಿಡಿ, ಹತ್ತು ನಿಮಿಷದ ನಂತರ ಹೊರಮೈಯ ಎಣ್ಣೆಯನ್ನು ಪೂರಾ ಒರೆಸಿ ತೆಗೆಯಿರಿ.