ವಿನೈಲ್ ಹರಿಯಲಿಲ್ಲ: ಎರಡು ವೋಲ್ವೊ ಕೂಪೆಗಳ ತುಕ್ಕಿನೊಂದಿಗೆ ನನ್ನ ಅನುಭವ

ನನ್ನ ಎರಡು ಬಾಗಿಲಿನ ವೋಲ್ವೊ ಕೂಪೆ 262ಸಿಯ ಛಾವಣಿಗೆ ಅಂಟಿಸಿದ ವಿನೈಲ್ (ಚರ್ಮದಂಥ ಪ್ಲಾಸ್ಟಿಕ್ ಹೊದಿಕೆ) ಎಬ್ಬಿಸಿದರೆ ಹರಿದೇ ಬರುತ್ತದೆ ಎಂದು ಮೂವರು ಬಾಡಿ ಕೆಲಸದವರು ಹೇಳಿದ್ದರು. ಹೊಸದು ಹೊದಿಸಲು ಒಬ್ಬರು ಕೇಳಿದ್ದು ಸುಮಾರು 25 ಸಾವಿರ ಸ್ವೀಡಿಷ್ ಕ್ರೋನ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ನನ್ನ ಗ್ಯಾರೇಜಿನಲ್ಲಿ ಹಳೆಯದನ್ನೇ ಬಿಚ್ಚಿ, ತುಕ್ಕು ಕೆರೆದು, ಎರಡನೇ ಯತ್ನದಲ್ಲಿ ಸರಿಯಾಗಿ ಅಂಟಿಸಿದೆ. ಆಮೇಲೆ ಒಂದು ಚಳಿಗಾಲ, ಒಂದು ಬೇಸಿಗೆ ಕಳೆದಿವೆ. ಒಂದು ಗುಳ್ಳೆಯೂ ಎದ್ದಿಲ್ಲ.

ನನ್ನಲ್ಲಿ 1967ರ 1800ಎಸ್ ಕೂಡ ಇದೆ. ಅದರ ರೂಪ ಪೆಲ್ಲೆ ಪೆಟರ್ಸನ್ ಇಟಲಿಯಲ್ಲಿದ್ದಾಗ ಬರೆದದ್ದು, ಕಾರು ಸಿದ್ಧವಾದದ್ದು ಇಲ್ಲಿ. 1978ರ 262ಸಿ ಇದಕ್ಕೆ ತಿರುವುಮುರುವು: ರೂಪ ಇಲ್ಲಿನ ಯಾನ್ ವಿಲ್ಸ್‌ಗಾರ್ಡ್ ಅವರದು, ಕಟ್ಟಿದ್ದು ಇಟಲಿಯ ಟ್ಯೂರಿನ್‌ನ ಬೆರ್ಟೋನೆ ಕಂಪನಿ. ತುಕ್ಕಿನ ದಾರಿಯೂ ತಿರುವುಮುರುವೇ. 1800ಎಸ್ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಿಂದ ಕೆಳಗಿನಿಂದ ಕೊಳೆಯುತ್ತದೆ. 262ಸಿ ವಿನೈಲ್ ಅಡಿಯಲ್ಲಿ ನಿಂತ ನೀರಿನಿಂದ ಮೇಲಿನಿಂದ ಕೊಳೆಯುತ್ತದೆ. ಎಂಜಿನ್‌ಗಳ ಹೋಲಿಕೆಯಲ್ಲೇ ಮುಳುಗಿದವರು ಈ ಅಂತರ ನೋಡುವುದಿಲ್ಲ. ಓಡಿಸಲು ನನಗೆ ಓವರ್‌ಡ್ರೈವ್ (ವೇಗದಲ್ಲೂ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇರುವ 1800ಎಸ್ಸೇ ಇಷ್ಟ. ಆದರೆ ಅದರ ಕುಟುಂಬದಲ್ಲಿ 47 ಸಾವಿರದಷ್ಟು ಕಾರುಗಳಾದವು, ಬಿಡಿಭಾಗ ಕೇಳಿದರೆ ಸಿಗುತ್ತದೆ. 262ಸಿ ಆದದ್ದು 6,600 ಚಿಲ್ಲರೆ. ಕಾರ್ಖಾನೆಯ ವಿನೈಲ್ ಹೋದರೆ ಹೋಯಿತು.

ಮೊದಲು ತಣ್ಣಗಿದ್ದಾಗಲೇ ಎಳೆದೆ. ಛಾವಣಿ ಹೊರುವ ಹಿಂಬದಿಯ ಅಗಲ ಕಂಬದ ಬಳಿ ಒಂದು ಬೆರಳುದ್ದ ಸೀಳಿತು. ಬಿಸಿಗಾಳಿ ಊದುವ ಹೀಟ್ ಗನ್ ಜೋರು ಮಾಡಿದರೆ ವಿನೈಲ್ ಸೆಟೆದು ಹೊಳಪೆದ್ದಿತು. ಕೊನೆಗೆ 60 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾ, ಪ್ಲಾಸ್ಟಿಕ್ ಪಟ್ಟಿಯಿಂದ ಎರಡು ಬೆರಳಗಲದಷ್ಟೇ ಎಬ್ಬಿಸುತ್ತಾ ಹೋದೆ. ಹದಿನಾರೋ ಹದಿನೇಳೋ ಗಂಟೆ ಹಿಡಿಯಿತು. ಅಡಿಯಲ್ಲಿ ನಾಲ್ಕು ಕಡೆ ತೂತು, ಎಲ್ಲವೂ ಗಾಜಿನ ಅಂಚಿಗೆ.

ವೆಲ್ಡಿಂಗ್, ಪ್ರೈಮರ್ ಮುಗಿಸಿ ಅಂಗಡಿಯ ಮಾಮೂಲಿ ಕಾಂಟ್ಯಾಕ್ಟ್ ಅಂಟು ಹಾಕಿದ್ದು ನನ್ನ ದೊಡ್ಡ ತಪ್ಪು. ಜೂನ್ ಬಿಸಿಲಿಗೆ ಛಾವಣಿ ಹಪ್ಪಳದಂತೆ ಉಬ್ಬಿತು. 900 ಕ್ರೋನ, ಎರಡು ವಾರ ಮಣ್ಣುಪಾಲು. ಸೆಪ್ಟೆಂಬರಿನಲ್ಲಿ ಮತ್ತೆ ಬಿಚ್ಚಿ, ಶಾಖ ತಡೆಯುವ ಅಂಟು ತಂದು ನಡುವಿನಿಂದ ಅಂಚಿಗೆ ಒತ್ತುತ್ತಾ ಬಂದೆ. ಹಿಂಗಾಜಿನ ಕ್ರೋಮ್ ಪಟ್ಟಿಯ ಅಡಿಯಲ್ಲಿ ವಿನೈಲನ್ನು ಹೇಗೆ ಮಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಲಿಯಲು ನನಗೆ ಎರಡು ಛಾವಣಿಯ ಶ್ರಮ ಬಿದ್ದಿದೆ. ಒಟ್ಟು ಖರ್ಚು ಐದು ಸಾವಿರ ಕ್ರೋನ ದಾಟಲಿಲ್ಲ.

ಇದರ ನಡುವೆ 1800ಎಸ್ ಮೇಲೆ ಇನ್ನೊಂದು ಪ್ರಯೋಗ ನಡೆಸಿದೆ. ಎಡ ಬಾಗಿಲ ಕೆಳಗಿನ ಸಿಲ್ (ಟೊಳ್ಳಾದ ತಗಡಿನ ಅಂಚು) ಒಳಗೆ ಬಿಸಿ ಮಾಡಿದ ಅಗಸೆ ಎಣ್ಣೆ, ಬಲಕ್ಕೆ ಮೇಣ. ಎರಡು ಚಳಿಗಾಲದ ನಂತರ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ಎಣ್ಣೆ ಬೆಸುಗೆಯ ಸಂದಿಗೂ ಇಳಿದು ಗಟ್ಟಿಯಾಗಿತ್ತು. ಮೇಣ ಸಂದಿಯ ಬಾಯಲ್ಲೇ ನಿಂತು, ಹಿಂದೆ ತುಕ್ಕಿನ ಕೆಂಪು ಪುಡಿ ಕಾಣುತ್ತಿತ್ತು. ಇದೇ ಎಣ್ಣೆಯನ್ನು ವಿನೈಲ್ ಅಡಿಗೂ ಬಳಿಯುವ ಆಸೆಯಿಂದ ಒಂದು ತಗಡಿನ ತುಂಡಿನ ಮೇಲೆ ಪರೀಕ್ಷಿಸಿದೆ. ಅಂಟು ಹಿಡಿಯಲೇ ಇಲ್ಲ, ಹಾಗಾಗಿ ಛಾವಣಿಗೆ ಅದು ಬೇಡ. ಬಲ ಸಿಲ್‌ನ ಮೇಣವನ್ನು ತೊಳೆದು ಈ ಅಕ್ಟೋಬರಿನಲ್ಲಿ, ರಸ್ತೆಗೆ ಉಪ್ಪು ಬೀಳುವ ಮೊದಲು, ಅಲ್ಲಿಗೂ ಎಣ್ಣೆ ಹಾಕುತ್ತೇನೆ.