ನಮಸ್ಕಾರಕ್ಕೆ 22 ಬೈಟ್: ನಾನು ಅಸೆಂಬ್ಲಿ ಕಲಿತ ಬಗೆ

ಪ್ರೊಸೆಸರ್‌ನ ಆಜ್ಞೆಗಳನ್ನು ಒಂದೊಂದಾಗಿ ನಾವೇ ಬರೆಯುವ ಭಾಷೆ ಅಸೆಂಬ್ಲಿ. ಅದನ್ನು ನಾನು ಮೊದಲು ಕಂಡಿದ್ದು ಡಿಪ್ಲೊಮಾ ಲ್ಯಾಬಿನಲ್ಲಿ, 8085 ಎಂಬ ಪ್ರೊಸೆಸರ್‌ನ ಕಿಟ್‌ನಲ್ಲಿ. ಒಂದು ಬೋರ್ಡು, ಕ್ಯಾಲ್ಕುಲೇಟರಿನಂಥ ಕೀಪ್ಯಾಡ್, ಕೆಂಪಗೆ ಹೊಳೆಯುವ ಆರು ಅಂಕಿ, ಅಷ್ಟೇ. ಬರೆದದ್ದನ್ನು ಯಂತ್ರದ ಸಂಖ್ಯೆಗಳಿಗೆ ತಿರುಗಿಸುವ ಅಸೆಂಬ್ಲರ್ ಇರಲಿಲ್ಲ. ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆಪ್‌ಕೋಡ್ (ಆಜ್ಞೆಯ ಸಂಖ್ಯೆ) ಪಟ್ಟಿ ನೋಡಿ ಒಂದೊಂದು ಸಾಲನ್ನೂ ಹೆಕ್ಸ್‌ಗೆ, ಅಂದರೆ 16ರ ಆಧಾರದ ಸಂಖ್ಯೆಗೆ ತಿರುಗಿಸಿ, ಒಂದೊಂದೇ ಬೈಟ್ ಒತ್ತಬೇಕಿತ್ತು. ಕರೆಂಟ್ ಹೋದರೆ ಒತ್ತಿದ್ದೆಲ್ಲ ಹೋಯಿತು, ಮತ್ತೆ ಮೊದಲಿಂದ.

ನನ್ನ ಮೊದಲ ಪ್ರೋಗ್ರಾಂ ಐದು ಸಂಖ್ಯೆಗಳನ್ನು ಕೂಡುವುದು. ಒಟ್ಟು 16 ಬೈಟ್. ಅದು ಓಡಲೇ ಇಲ್ಲ, ಕಿಟ್ ಸುಮ್ನೆ ನಿಂತುಬಿಟ್ಟಿತು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ ಕಥೆ. ಕೊನೆಗೆ ಸರ್ ಬಂದು ನನ್ನ ಪುಟ ನೋಡಿ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ಲೂಪ್ 8006ನೇ ವಿಳಾಸಕ್ಕೆ ಹಿಂದಿರುಗಬೇಕಿತ್ತು. ಹಾರುವ ಆಜ್ಞೆ ಸಿ2, ಅದರ ಹಿಂದೆ ವಿಳಾಸ. ನಾನು ಸಿ2, 80, 06 ಎಂದು ಒತ್ತಿದ್ದೆ. 8085 ವಿಳಾಸದ ಕೆಳಗಿನ ಬೈಟನ್ನು ಮೊದಲು ಓದುತ್ತದೆ. ಹಾಗಾಗಿ ಅದು ಹಾರಿದ್ದು 0680ಕ್ಕೆ. ನಮ್ಮ ಕಿಟ್‌ನಲ್ಲಿ ಅಲ್ಲಿ ಮಾನಿಟರ್‌ನ, ಅಂದರೆ ಕಿಟ್ ನಡೆಸುವ ಪ್ರೋಗ್ರಾಮಿನ, ರೋಮ್‌ನಲ್ಲಿರುವ (ROM) ಕೋಡ್ ಇತ್ತು. ಸಿ2, 06, 80 ಎಂದು ತಿದ್ದಿದೆ. ಮೊತ್ತ ಬಂತು. ಆ ಸಂತೋಷ ಇನ್ನೂ ನೆನಪಿದೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ನಡುವೆ ಒಂದು ಸಾಲು ಮರೆತಿದ್ದರೆ, ಅದನ್ನು ಸೇರಿಸಿದ ಕೂಡಲೇ ಅದರ ಕೆಳಗಿನ ವಿಳಾಸಗಳೆಲ್ಲ ಸರಿಯುತ್ತವೆ. ಜಂಪ್ ಮಾಡುವ ಸಾಲುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕು. ಹೀಗೆ ಹತ್ತಾರು ಸಲ ಲೆಕ್ಕ ಹಾಕಿದ್ದರಿಂದಲೇ, ಮುಂದೆ ಅಸೆಂಬ್ಲರ್ ಕೈಗೆ ಸಿಕ್ಕಾಗ ಲೇಬಲ್ ಎಂಬುದು ಎಂಥ ಉಪಕಾರ ಎಂದು ತಿಳಿಯಿತು. ಲೇಬಲ್ ಬರೀ ಹೆಸರಲ್ಲ. ನಾನು ಪೆನ್ಸಿಲ್ ಹಿಡಿದು ಮಾಡುತ್ತಿದ್ದ ಲೆಕ್ಕ ಅದರೊಳಗಿದೆ.

ವರ್ಷಗಳ ನಂತರ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮತ್ತೆ ಶುರು ಮಾಡಿದೆ, ಈ ಸಲ 64 ಬಿಟ್‌ನ ಎಕ್ಸ್86. ಬಿಲ್ಡ್ ಮಾಡಲು ಎರಡೇ ಹೆಜ್ಜೆ. ನ್ಯಾಸ್ಮ್ ಎಂಬ ಅಸೆಂಬ್ಲರ್ ನಮ್ಮ ಫೈಲಿನಿಂದ ಆಬ್ಜೆಕ್ಟ್ ಫೈಲ್ ಮಾಡುತ್ತದೆ. ಎಲ್‌ಡಿ ಎಂಬ ಲಿಂಕರ್ ಅದನ್ನು ಓಡುವ ಪ್ರೋಗ್ರಾಂ ಮಾಡುತ್ತದೆ. ಎಲ್ಲರೂ 'ಹಲೋ ವರ್ಲ್ಡ್' ಬರೆಯುತ್ತಾರೆ, ನಾನು 'ನಮಸ್ಕಾರ' ಎಂದು ಬರೆದೆ. ತೆರೆಗೆ ಬರೆಯಲು ಲಿನಕ್ಸನ್ನು ಕೇಳಬೇಕು, ಅದೇ ಸಿಸ್ಟಂ ಕಾಲ್. ಬೇಕಾದ್ದನ್ನು ರೆಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್‌ನೊಳಗಿನ ಚಿಕ್ಕ ಜಾಗಗಳಲ್ಲಿ ಇಡಬೇಕು. ಬರೆಯುವ ಸಿಸ್ಟಂ ಕಾಲ್‌ನ ಸಂಖ್ಯೆ 1, ಅದು ಆರ್‌ಎಎಕ್ಸ್‌ಗೆ. ಪಠ್ಯದ ವಿಳಾಸ ಆರ್‌ಎಸ್‌ಐಗೆ, ಉದ್ದ ಆರ್‌ಡಿಎಕ್ಸ್‌ಗೆ. ನಾಲ್ಕು ಅಕ್ಷರ, ಒಂದು ಹೊಸ ಸಾಲು, ಒಟ್ಟು 5 ಎಂದು ಕೊಟ್ಟೆ. ತೆರೆಯ ಮೇಲೆ 'ನ' ಬಂತು, ಪಕ್ಕದಲ್ಲಿ ಮುರಿದ ಒಂದು ಗುರುತು.

ಕಾರಣ ಸರಳ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ನಮಸ್ಕಾರದಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರಕ್ಕೆ ಏಳು ಸಂಕೇತ: ನ, ಮ, ಸ, ಅರ್ಧಾಕ್ಷರದ ಗುರುತು, ಕ, ದೀರ್ಘ, ರ. ಅಂದರೆ 21 ಬೈಟ್, ಹೊಸ ಸಾಲಿಗೆ ಇನ್ನೊಂದು, ಒಟ್ಟು 22. ಈಗ ನಾನು ಎಣಿಸುವುದೇ ಇಲ್ಲ. ನ್ಯಾಸ್ಮ್‌ನಲ್ಲಿ ಡಾಲರ್ ಚಿಹ್ನೆ ಎಂದರೆ 'ಈಗ ನಿಂತಿರುವ ವಿಳಾಸ'. ಅದರಿಂದ ಪಠ್ಯದ ಲೇಬಲ್ ಕಳೆದರೆ ಉದ್ದ ತಾನೇ ಬರುತ್ತದೆ. ಕಿಟ್ ಕಲಿಸಿದ ಅದೇ ವಿಳಾಸದ ಲೆಕ್ಕ, ಅಲ್ವಾ?

ಮುಂದೆ ಇದನ್ನೇ ಹತ್ತು ಸಲ ಬರೆಯೋಣ ಎಂದು ಆರ್‌ಸಿಎಕ್ಸ್‌ನಲ್ಲಿ 10 ಇಟ್ಟು ಲೂಪ್ ಹಾಕಿದೆ. ನಮಸ್ಕಾರ ನಿಲ್ಲಲೇ ಇಲ್ಲ! ಒಂದು ಸಂಜೆ ಪೂರ್ತಿ ಕೋಡನ್ನೇ ದಿಟ್ಟಿಸಿ ನೋಡಿದೆ, ತಪ್ಪು ಕಾಣಲಿಲ್ಲ. ಮರುದಿನ ಜಿಡಿಬಿ ಎಂಬ ಡಿಬಗರ್ (ತಪ್ಪು ಹುಡುಕುವ ಸಾಧನ) ತೆರೆದೆ. ಎಸ್‌ಐ ಎಂದು ಕೊಟ್ಟರೆ ಅದು ಒಂದೇ ಒಂದು ಇನ್‌ಸ್ಟ್ರಕ್ಷನ್ ಓಡಿಸಿ ನಿಲ್ಲುತ್ತದೆ. ಸಿಸ್ಟಂ ಕಾಲ್ ಮಾಡುವ ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ದಾಟಿದ ಕೂಡಲೇ ಆರ್‌ಸಿಎಕ್ಸ್‌ನಲ್ಲಿದ್ದ 10 ಮಾಯವಾಗಿ, ಅಲ್ಲಿ ನನ್ನ ಪ್ರೋಗ್ರಾಮಿನದೇ ಒಂದು ವಿಳಾಸ ಕೂತಿತ್ತು. ಹಿಂದಿರುಗಬೇಕಾದ ವಿಳಾಸವನ್ನು ಪ್ರೊಸೆಸರ್ ಆರ್‌ಸಿಎಕ್ಸ್‌ನಲ್ಲೇ ಇಡುತ್ತದೆ, ಫ್ಲ್ಯಾಗ್‌ಗಳನ್ನು ಆರ್11ರಲ್ಲಿ. ಎಣಿಕೆಯನ್ನು ಆರ್‌ಬಿಎಕ್ಸ್‌ಗೆ ಸರಿಸಿದೆ, ಮುಗಿಯಿತು.

ಆ ದಿನದಿಂದ ನನ್ನ ರೀತಿ ಬದಲಾಯಿತು. ನಾಲ್ಕೈದು ಸಾಲು ಬರೆಯುತ್ತೇನೆ, ಬಿಲ್ಡ್ ಮಾಡುತ್ತೇನೆ, ಜಿಡಿಬಿಯಲ್ಲಿ ನಡೆಸುತ್ತೇನೆ. ಒತ್ತುವ ಮೊದಲೇ ಯಾವ ರೆಜಿಸ್ಟರಿನಲ್ಲಿ ಏನು ಬರಬೇಕು ಎಂದು ಕಾಗದದ ಮೇಲೆ ಬರೆದಿಡುತ್ತೇನೆ. ಬರೆದದ್ದಕ್ಕೂ ಬಂದದ್ದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೇ ನನಗೆ ಕಲಿಯುವುದಿದೆ. ಇನ್‌ಸ್ಟ್ರಕ್ಷನ್‌ಗಳನ್ನು ಬಾಯಿಪಾಠ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೂವ್, ಆಡ್, ಸಬ್, ಕಂಪೇರ್, ನಾಲ್ಕಾರು ಜಂಪ್, ಕಾಲ್, ರಿಟರ್ನ್. ಇಷ್ಟರಲ್ಲೇ ಆರು ತಿಂಗಳು ಕಳೆಯಬಹುದು.

ಮುಂದೆ ಸಿ ಭಾಷೆಯ ಪ್ರಿಂಟ್‌ಎಫ್ (ತೆರೆಗೆ ಬರೆಯುವ ಫಂಕ್ಷನ್) ಕರೆಯಲು ಹೋದಾಗ ಸೆಗ್ಮೆಂಟೇಷನ್ ಫಾಲ್ಟ್ ಬಂತು, ಪ್ರೋಗ್ರಾಂ ಅಲ್ಲೇ ಸತ್ತಿತು. ಹಿಂದಿರುಗುವ ವಿಳಾಸದಂಥವನ್ನು ಇಡುವ ಮೆಮೊರಿ ಸ್ಟ್ಯಾಕ್. ಕರೆಯುವ ಹೊತ್ತಿಗೆ ಅದರ ವಿಳಾಸ 16ರಿಂದ ಭಾಗವಾಗಬೇಕು. ಮೇನ್‌ನೊಳಗೆ ಬರುವಾಗ ಹಿಂದಿರುಗುವ ವಿಳಾಸ 8 ಬೈಟ್ ತಿಂದಿರುತ್ತದೆ, ಇನ್ನೊಂದು 8 ಕಳೆದರೆ ಸರಿಹೋಗುತ್ತದೆ.

ಬರೆದು ಕಲಿತಷ್ಟೇ ಓದಿಯೂ ಕಲಿತೆ. ಚಿಕ್ಕ ಸಿ ಪ್ರೋಗ್ರಾಂ ಬರೆದು, ಕಂಪೈಲರ್‌ಗೆ 'ಅಸೆಂಬ್ಲಿ ತೋರಿಸು' ಎಂದರೆ ತೋರಿಸುತ್ತದೆ. ರೆಜಿಸ್ಟರಿಗೆ ಸೊನ್ನೆ ತುಂಬಲು ಅದು ಮೂವ್ ಬಳಸದೆ, ರೆಜಿಸ್ಟರನ್ನು ಅದರೊಂದಿಗೇ ಎಕ್ಸ್‌ಆರ್ (XOR) ಮಾಡುತ್ತಿತ್ತು. ಎರಡು ಬಿಟ್ ಒಂದೇ ಆಗಿದ್ದರೆ ಎಕ್ಸ್‌ಆರ್ ಸೊನ್ನೆ ಕೊಡುತ್ತದೆ. ಮೂವ್‌ಗೆ 5 ಬೈಟ್, ಎಕ್ಸ್‌ಆರ್‌ಗೆ 2. ತಟ್ಟನೆ ಹಳೆಯ ಕಿಟ್ ನೆನಪಾಯಿತು. ಅಲ್ಲೂ ಸರ್ ಹೀಗೇ ಮಾಡಿಸಿದ್ದರು: ಅಲ್ಲಿನ ಮೂವ್ ಆದ ಎಂವಿಐಗೆ 2 ಬೈಟ್, ಎಕ್ಸ್‌ಆರ್ ಆದ ಎಕ್ಸ್‌ಆರ್‌ಎಗೆ 1. 1976ರ ಚಿಪ್‌ನಲ್ಲಿ ಕೀ ಒತ್ತಿ ಕಲಿತದ್ದು ಇಂದಿನ ಕಂಪೈಲರ್ ಬಾಯಲ್ಲಿ ಕೇಳಿ ಮನಸ್ಸು ತುಂಬಿತು.

ಈಗ ಕನ್ನಡ ಪಠ್ಯದಲ್ಲಿ ಅಕ್ಷರ ಎಣಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಾಗುಣಿತದ ಗುರುತುಗಳನ್ನು ಬಿಟ್ಟು, ಅರ್ಧಾಕ್ಷರದ ನಂತರ ಬರುವ ವ್ಯಂಜನವನ್ನೂ ಬಿಟ್ಟು ಎಣಿಸುತ್ತದೆ. ನಮಸ್ಕಾರಕ್ಕೆ ಸರಿಯಾಗಿ 4 ಎನ್ನುತ್ತದೆ. ರಾಜ್‌ಕುಮಾರ್ ಕೊಟ್ಟರೂ 4 ಎನ್ನುತ್ತದೆ, ಆದರೆ ಬೇಕಾದದ್ದು 5. ಜ್ ಮತ್ತು ಕು ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ, ಇ2 80 8ಸಿ. ಆ ಮೂರು ಬೈಟ್ ಸಿಕ್ಕಾಗ 'ಹಿಂದೆ ಅರ್ಧಾಕ್ಷರ ಇತ್ತು' ಎಂಬ ಗುರುತನ್ನು ಅಳಿಸಬೇಕು. ಈ ವಾರ ಆ ಸಾಲುಗಳನ್ನೇ ಸೇರಿಸುತ್ತಿದ್ದೇನೆ.